ಹದಿನೈದು ನಿಮಿಷ ಎಂದು ಬರೆದದ್ದು

ವಾರ್ಡಿನ ಪರದೆಯ ರಿಂಗುಗಳು ಸರಳಿನ ಮೇಲೆ ಜರುಗಿದ ಸದ್ದು, ಯಾರೋ ಬಂದರು, ಅಲ್ಲ, ಪಕ್ಕದ ಮಂಚಕ್ಕೆ, ಸದ್ಯ — ಇವನು ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿದ್ದಾನೆ, ಬೇಡ ಮರಿ, ಏಳಬೇಡ, ಎದ್ದರೆ ಬಾಯಿ ತೆರೆಯುತ್ತೀಯ, ತೆರೆದರೆ ನಾನು — ಎಂಥ ತಾಯಿ ನಾನು, ಹುಟ್ಟಿ ಮೂರು ದಿನವಾದ ಮಗುವಿಗೆ ಹಸಿವಾಗದಿರಲಿ ಎಂದು ಬೇಡಿಕೊಳ್ಳುವವಳು. ಬೆಳಿಗ್ಗೆ ತೂಕ ನೋಡಿದ ಡಾಕ್ಟರು ಮುಖ ಎತ್ತಲೇ ಇಲ್ಲ, ಹುಟ್ಟಿದಾಗ ಮೂರು ಕೆಜಿ, ಈಗ ಎರಡು ಏಳುನೂರ ಮೂವತ್ತು, ಚಾರ್ಟ್ ನೋಡಿದ್ರೆ ಚೆನ್ನಾಗಿ ಕುಡೀತಿದಾನೆ, ಮತ್ತೆ ಯಾಕೆ ಹೀಗೆ, ನಾಲ್ಕು ಗಂಟೆಗೆ ಬರ್ತೀನಿ, ಆಗಲೂ ಹೀಗೇ ಇದ್ರೆ ಡಬ್ಬಿ ಹಾಲು ಶುರು ಮಾಡೋಣ. ಚಾರ್ಟ್ ಬರೆದವಳು ನಾನು. ಮಂಚಕ್ಕೆ ದಾರದಲ್ಲಿ ಕಟ್ಟಿದ ಪೆನ್ನಿನಿಂದ, ಬಲಕ್ಕೆ ಹದಿನೈದು ನಿಮಿಷ, ಎಡಕ್ಕೆ ಹದಿನೈದು ನಿಮಿಷ, ದುಂಡು ಅಕ್ಷರದಲ್ಲಿ, ನಿಜ ಹೇಳಬೇಕೆಂದರೆ ಎರಡು ನಿಮಿಷವೂ ತಡೆದುಕೊಂಡಿಲ್ಲ, ಅವನು ಕಚ್ಚಿದ ಕೂಡಲೇ ಕಾಲ್ಬೆರಳು ಮುದುಡಿಕೊಳ್ಳುತ್ತವೆ, ಒಡೆದ ತೊಟ್ಟಿಗೆ ಗಾಜಿನ ಚೂರು ಒತ್ತಿದ ಹಾಗೆ, ಎಳೆದು ಬಿಡಿಸಿಬಿಡುತ್ತೇನೆ, ಅವನು ಅತ್ತು ಅತ್ತು ಸುಸ್ತಾಗಿ ಮಲಗುತ್ತಾನೆ, ಹೊಟ್ಟೆ ತುಂಬಿತು ನೋಡು, ಎಂಥ ನಿದ್ದೆ, ಎಂದು ಇವನಪ್ಪ ಫೋಟೋ ತೆಗೆದರು, ನಾನೂ ನಕ್ಕೆ.

ಅತ್ತೆ ಕಿಟಕಿಯ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದಾರೆ, ಸಿಪ್ಪೆಯ ವಾಸನೆ ಡೆಟಾಲಿನ ಜೊತೆ ಬೆರೆಯುತ್ತಿದೆ, ಮೊದಲ ದಿನವೇ ಅಂದಿದ್ದರು, ಮಗು ಬಂದ ಮೇಲೆ ಹಾಲು ತಾನಾಗೇ ಬರುತ್ತಮ್ಮ, ಅದರಲ್ಲಿ ಕಲಿಯೋದೇನಿದೆ. ಕಲಿಯುವುದೇನಿದೆ — ಹನ್ನೊಂದು ವರ್ಷ ಹಲ್ಲಿನ ಡಾಕ್ಟರ ಪಕ್ಕ ನಿಂತು ಬಾಯಿ ಅಗಲ ತೆಗೀರಿ, ಇನ್ನೂ ಅಗಲ, ಎಂದು ದಪ್ಪ ಮೀಸೆಯವರನ್ನೂ ಗದರಿಸಿದವಳಿಗೆ ಅಂಗೈಯಗಲದ ಈ ಮುಖ ಬಗ್ಗುತ್ತಿಲ್ಲ. ಬೆಳಗಿನಿಂದ ಒಂದೇ ಸಲ ಇವನ ಬಟ್ಟೆ ಒದ್ದೆಯಾಗಿದೆ, ಅದರಲ್ಲೂ ಇಟ್ಟಿಗೆ ಬಣ್ಣದ ಕಲೆ, ಹಾಲು ಸಾಲದಿದ್ದರೆ ಹೀಗಂತೆ, ಯಾರಿಗೂ ಕಾಣದಂತೆ ಮಡಚಿ ಬುಟ್ಟಿಯ ಅಡಿಗೆ ತುರುಕಿದ್ದೇನೆ. ಈಗ ಬಂದದ್ದು ನಮ್ಮ ಪರದೆಗೇ, ದೊಡ್ಡ ಸಿಸ್ಟರ್, ಕನ್ನಡಕ ತಲೆಯ ಮೇಲೆ, ಎರಡೂವರೆ ಆಯ್ತು, ಎಲ್ಲಿ, ನನ್ನೆದುರಿಗೆ ಒಂದು ಸಲ ಕುಡಿಸಿ ನೋಡೋಣ. ಈಗಷ್ಟೇ ಕುಡಿದ, ಸಿಸ್ಟರ್, ಎನ್ನಲು ಬಾಯಿ ತೆರೆದೆ, ಅವನ ಕೆಳತುಟಿಯ ಮೇಲೆ ಒಣಗಿ ಎದ್ದ ಸಿಪ್ಪೆ ಕಂಡಿತು, ಮಾತು ತಾನೇ ತಿರುಗಿತು, ಕುಡಿದಿಲ್ಲ, ಯಾವತ್ತೂ ಸರಿಯಾಗಿ ಕುಡಿದಿಲ್ಲ, ಅಲ್ಲಿ ಬರೆದಿರೋದೆಲ್ಲ ಸುಳ್ಳು, ನನಗೆ ನೋವು ತಡೆಯೋಕೆ ಆಗ್ತಿಲ್ಲ.

ಕಿತ್ತಳೆ ಸುಲಿಯುವ ಕೈ ನಿಂತಿತು. ಬೈಯುತ್ತಾರೆ, ಇವನಪ್ಪನಿಗೆ ಫೋನ್ ಮಾಡುತ್ತಾರೆ — ಅತ್ತೆ ನನ್ನನ್ನಲ್ಲ, ಕೈಯಲ್ಲಿದ್ದ ಕಿತ್ತಳೆ ಸಿಪ್ಪೆಯನ್ನು ನೋಡುತ್ತ, ನನಗೂ ಒಡೆದಿತ್ತು, ಹದಿನೆಂಟು ದಿನ ಟವೆಲ್ ಕಚ್ಚಿಕೊಂಡು ಕುಡಿಸಿದೆ, ಯಾರ ಹತ್ರ ಹೇಳೋದು ಆಗ. ಹಾಗಾದರೆ ಕಲಿಯೋದೇನಿದೆ ಅಂದದ್ದು ಯಾಕೆ, ಕೇಳುವಷ್ಟರಲ್ಲಿ ಅವರೇ ಎದ್ದು ಬಂದು ನನ್ನ ಬೆನ್ನಿಗೆ ದಿಂಬು ಒತ್ತಿದರು. ಚಾರ್ಟ್ ಆಮೇಲೆ ನೋಡೋಣ, ಎಂದರು ಸಿಸ್ಟರ್, ನೀವು ಬಗ್ಗಬೇಡಿ, ಒರಗಿ ಕೂತ್ಕೊಳ್ಳಿ, ಎದೇನ ಮಗು ಹತ್ರ ಒಯ್ಯೋದಲ್ಲ, ಮಗೂನ ಎದೆ ಹತ್ರ ತನ್ನಿ, ಹೊಟ್ಟೆಗೆ ಹೊಟ್ಟೆ ತಾಗಲಿ, ಮೂಗು ತೊಟ್ಟಿನ ನೇರಕ್ಕೆ. ಅವನು ಕಚ್ಚಿದ, ತುದಿಯನ್ನೇ, ಅಮ್ಮಾ — ತಡೀರಿ, ಎಳೀಬೇಡಿ, ಸಿಸ್ಟರ್ ತುಟಿಯ ಸಂದಿಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿದರು, ಮತ್ತೆ. ನನಗೆ ಆಗಲ್ಲ. ಆಗುತ್ತೆ, ಒಂದು ಹನಿ ಹಿಂಡಿ ಅವನ ತುಟಿಗೆ ಸವರಿ, ಕಾಯಿರಿ, ಆಕಳಿಸೋ ಹಾಗೆ ಬಾಯಿ ತೆರೀಬೇಕು, ಇನ್ನೂ ಕಾಯಿರಿ, ಈಗ.

ಗಲ್ಲ ಮೊದಲು ತಾಗಿತು, ಆಮೇಲೆ ಬಾಯಿ, ತೊಟ್ಟಷ್ಟೇ ಅಲ್ಲ, ಅದರ ಸುತ್ತಲಿನ ಕಪ್ಪೂ ಒಳಗೆ, ನೋವು ಬಂತು, ಒಂದು, ಎರಡು, ಅತ್ತೆಯ ಮಣಿಕಟ್ಟು ನನ್ನ ಮುಷ್ಟಿಯಲ್ಲಿ, ಆರು, ಏಳು, ಎಂಟು — ಎಂಟಾದ ಮೇಲೆ ಎಣಿಸಲು ಏನೂ ಇಲ್ಲ, ಎಳೆತ ಇದೆ, ಗಾಜಿನ ಚೂರು ಇಲ್ಲ. ಡಾಕ್ಟರ ಹತ್ರ ನಾನು ಮಾತಾಡ್ತೀನಿ, ಎಂದರು ಸಿಸ್ಟರ್, ಗಡಿಯಾರ ನೋಡಬೇಡಿ, ಅವನ ಕಿವಿ ಹತ್ರ ನೋಡಿ. ನೋಡುತ್ತೇನೆ, ಕಿವಿಯ ಮುಂದೆ, ಕಡಲೆಕಾಳಿನಷ್ಟು ಜಾಗ, ದವಡೆ ಸೇರುವಲ್ಲಿ, ಅಲುಗುತ್ತದೆ, ನಿಲ್ಲುತ್ತದೆ, ಕ್ಹ ಎಂದು ಗಂಟಲಲ್ಲಿ ಒಂದು ಗುಟುಕು, ಮತ್ತೆ ಅಲುಗುತ್ತದೆ, ಸಿಸ್ಟರ್ ಏನೋ ಹೇಳುತ್ತಿದ್ದಾರೆ, ಅಲುಗುತ್ತದೆ, ನಿಲ್ಲುತ್ತದೆ, ನಾನೂ ಉಸಿರು ಹಿಡಿದು — ಗುಟುಕು — ಆ ಕಾಳಿನಷ್ಟು ಜಾಗ, ಅಲುಗುತ್ತದೆ —