ಬಲಗಾಲಿನ ಬ್ರೇಕು

ಹೈದರಾಬಾದಿನಲ್ಲಿ ಸ್ವಂತದ್ದೊಂದು ಬಿಳಿ ಇಂಡಿಕಾ ಇಟ್ಟುಕೊಂಡು ಬಾಡಿಗೆ ಓಡಿಸುತ್ತಿದ್ದ ಕನಕರಾಜು ಪ್ರತಿವರ್ಷ ದಸರಾಕ್ಕೆ ಹೆಂಡತಿ ಪ್ರಮೀಳಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಕಾರಿನಲ್ಲಿ ರಾವಂದೂರಿಗೆ ಬಂದಿಳಿಯುತ್ತಿದ್ದ. ಆ ವರ್ಷ ಮಾತ್ರ ಲೆಕ್ಕ ತಪ್ಪಿತು. ಪ್ರಮೀಳಾ ಚೊಚ್ಚಲ ಬಸುರಿ. ಅಷ್ಟು ದೂರದ ಕುಲುಕಾಟ ಬೇಡವೇ ಬೇಡ, ಹೋಗಲೇಬೇಕಿದ್ದರೆ ಬೆಂಗಳೂರಿನವರೆಗೆ ವಿಮಾನದಲ್ಲಿ ಹೋಗಿ ಅಂತ ಡಾಕ್ಟರಮ್ಮ ಹೇಳಿಬಿಟ್ಟರು. ಹೋಗದೆ ಇರುವ ಹಾಗೂ ಇಲ್ಲ. ಹಬ್ಬ ಕಳೆದ ಮಾರನೆಯ ದಿನವೇ ಮಡಿಲು ತುಂಬುವುದೆಂದು ಸಾಲಿಗ್ರಾಮದ ತವರಿನವರು ನೆಂಟರಿಗೆಲ್ಲ ಹೇಳಿಯಾಗಿತ್ತು.

"ನೀನು ಇಮಾನದಲ್ಲಿ ಹೋಗಮ್ಮಿ," ಅಂದ ಕನಕರಾಜು. "ನಾನು ಒಂದಿನ ಮುಂಚೆ ಗಾಡಿ ತಕ್ಕಂಡು ಹೊಂಟು, ಬೆಂಗ್ಳೂರಲ್ಲಿ ಕಾಯ್ತಾ ನಿಂತಿರ್ತೀನಿ."

"ಬಸ್ರಿ ಎಂಡ್ತೀನ ಒಬ್ಳೇ ಮೇಲಕ್ಕೆ ಹತ್ತಿಸ್ಬುಟ್ಟು, ನೀವು ರೋಡಲ್ಲಿ ಬತ್ತೀರಾ?"

"ಆಯುಧಪೂಜೆ ಕಣಮ್ಮಿ. ಅನ್ನ ಹಾಕೋ ಗಾಡೀನ ಹಬ್ಬದ ದಿನ ಯಾರ್ದೋ ಕಾಂಪೌಂಡಲ್ಲಿ ಬುಟ್ಟು ಬರಾಕಾಯ್ತದಾ?"

ಪ್ರಮೀಳಾಗೆ ವಿಮಾನದ ಭಯವೇನೂ ಇರಲಿಲ್ಲ. ಮೋಡದ ಬೆನ್ನು ಹೇಗಿರುತ್ತದೋ ನೋಡಬೇಕೆಂಬ ಆಸೆಯೇ ಇತ್ತು. ಆದರೆ ಪಕ್ಕದಲ್ಲಿ ಗಂಡ ಇರಬೇಕು. ಅವನೊಬ್ಬನೇ ನಿದ್ದೆಗೆಟ್ಟು, ಕಣ್ಣುಜ್ಜಿಕೊಂಡು ಅಷ್ಟುದ್ದ ಗಾಡಿ ಓಡಿಸುವುದನ್ನು ನೆನೆದರೇ ಅವಳ ಹೊಟ್ಟೆಯೊಳಗಿನ ಕೂಸು ಕೂಡ ಮಗ್ಗುಲು ಬದಲಿಸುತ್ತಿತ್ತು. ಇವನು ಹೀಗೆ ಬಗ್ಗುವುದಿಲ್ಲ ಅಂತ ರಾವಂದೂರಿಗೆ, ಅತ್ತೆ ಮಲ್ಲಾಜಮ್ಮನಿಗೆ ಫೋನು ಹಚ್ಚಿದಳು.

ಎಲ್ಲವನ್ನೂ ಕೇಳಿಸಿಕೊಂಡ ಮಲ್ಲಾಜಮ್ಮ ಮಗನ ಕೈಗೆ ಫೋನು ಕೊಡಿಸಿದರು. ಆ ಕಾರಿಗೆ ಅವರು ಬಿಳಿಯ ಅಂತ ಮನೆಯ ಎತ್ತಿನ ಹೆಸರನ್ನೇ ಇಟ್ಟಿದ್ದರು. "ಅಲ್ಲ ಕಣ್ಲಾ ಮಗ, ಬಿಳಿಯನ್ ಕೀ ತಂದ್ಬುಡು. ನೇಗ್ಲು, ಕುಡ್ಲು ಪಕ್ಕದಲ್ಲೇ ಮಡ್ಗಿ ಪೂಜೆ ಮಾಡಾವ. ನಿಮ್ಮಪ್ಪ ಎತ್ನ ಉಣ್ಸೂರಲ್ಲಿ ಬುಟ್ಟು ಬಂದಿದ್ ವರ್ಸ ಮೂಗ್ದಾರಕ್ಕೇ ಅರಿಸ್ನ ಕುಂಕ್ಮ ಇಕ್ಲಿಲ್ವಾ? ಎತ್ತೇನು ಕೋಪ ಮಾಡ್ಕತ್ತಾ?"

ಪೂಜೆಯ ನೆಪ ಅಲ್ಲಿಗೆ ಮುಗಿಯಿತು. ಕನಕರಾಜು ಇನ್ನೊಂದು ಹುಡುಕಿದ. ಊರಲ್ಲಿ ತಿರುಗಾಡಕ್ಕೆ ಗಾಡಿ ಬೇಡವೇ ಅಂದ. ಊರಿನ ನಿಮ್ಮ ಗೆಳೆಯ ನಿಂಗರಾಜು ತನ್ನ ಕಾರನ್ನೇ ಬೆಂಗಳೂರಿಗೆ ತರ್ತಾನೆ, ಅಲ್ಲಿಂದ ನೀವೇ ನಿಧಾನಕ್ಕೆ ಓಡಿಸಿ ಅಂದಳು ಪ್ರಮೀಳಾ. ಆಗ ಅವನು ತಟ್ಟೆಯಲ್ಲಿದ್ದ ಮುದ್ದೆಯನ್ನು ಸುಮ್ಮನೆ ಉರುಳಿಸುತ್ತಾ ಕೂತ. ಸಾರು ತಣ್ಣಗಾಯಿತು.

ಅವನ ಮುಖ ನೋಡುತ್ತಿದ್ದ ಪ್ರಮೀಳಾಗೆ ಒಂದೊಂದೇ ನೆನಪಾಯಿತು. ಹೋದ ವರ್ಷ ಇದೇ ನಿಂಗರಾಜು ಕಾರು ಓಡಿಸಿದಾಗ ಕೆ.ಆರ್.ನಗರದವರೆಗೂ "ಗೇರ್ ಇಳ್ಸು, ಎಮ್ಮೆ ಅಡ್ಡ ಬತ್ತಾವೆ" ಅಂತ ಇವನು ಅವನ ಪ್ರಾಣ ತಿಂದಿದ್ದ. ಅವಳ ತಮ್ಮನ ಮದುವೆಗೆ ಬಸ್ಸಿನಲ್ಲಿ ಹೋದಾಗ ಸೀಟು ಖಾಲಿಯಿದ್ದರೂ ಡ್ರೈವರ್ ಬೆನ್ನಿಗೇ ನಿಂತುಕೊಂಡು ಬಂದಿದ್ದ. ಸ್ಟೇರಿಂಗು ಇನ್ನೊಬ್ಬನ ಕೈಯಲ್ಲಿದ್ದರೆ ಇವನ ಜೀವ ಜೀವದಲ್ಲಿರುವುದಿಲ್ಲ. ವಿಮಾನದಲ್ಲಂತೂ ಓಡಿಸುವವನ ಮುಖವೂ ಕಾಣುವುದಿಲ್ಲ. ಅಯ್ಯೋ ಶಿವನೇ, ಪೂಜೆಯಲ್ಲ, ಭಯ.

ನಗು ಬಂತು. ನಕ್ಕರೆ ಈ ಜನ್ಮದಲ್ಲಿ ವಿಮಾನ ಹತ್ತುವ ಗಂಡಸಲ್ಲ ಅವನು. ಅವಳು ನೀರು ಕುಡಿದು ನಗು ನುಂಗಿಕೊಂಡಳು.

"ರೀ, ನಿಜ ಹೇಳ್ಬುಡ್ತೀನಿ. ನಂಗೇ ಭಯ ಆಯ್ತದೆ ಕಣ್ರೀ," ಅಂದಳು. "ಇಂಜಿನ್ ಸದ್ದು ಒಳ್ಳೇದೋ ಕೆಟ್ದೋ ನಂಗೇನ್ ಗೊತ್ತಾಯ್ತದೆ? ನೀವಾದ್ರೆ ಕಿವಿ ಕೊಟ್ರೆ ಸಾಕು, ಹೇಳ್ತೀರಿ. ಪಕ್ಕದಲ್ಲಿ ಕೂತ್ಕಂಡು, ಆ ಪೈಲಟ್ಟು ಸರಿಯಾಗಿ ಓಡಿಸ್ತಾವ್ನಾ ಅಂತ ನೋಡ್ಕಳಿ. ನೀವು 'ಸಮ' ಅಂದ್ರೆ ನಾನು ನೆಮ್ಮದಿಯಾಗಿ ಕೂತಿರ್ತೀನಿ."

ಕನಕರಾಜು ತಲೆ ಎತ್ತಿದ. ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿದ. "ಅಂಗಾದ್ರೆ ಸರಿ. ನೀನು ಎದ್ರಿಕೊಂಡ್ರೆ ಆಗಾಕಿಲ್ಲ ಬುಡು."

ಹೊರಡುವ ದಿನ ಅವನು ಬಿಳಿಯನ ಕೀಲಿಯನ್ನು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಮೇಲ್ಜೇಬಿನಲ್ಲಿಟ್ಟುಕೊಂಡ. ವಿಮಾನ ಏರುವಾಗ ಪ್ರಮೀಳಾಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಬಳೆ ಒತ್ತಿ ಗೀರು ಬಿತ್ತು.

"ಎಂಗದೆ?" ಅಂದಳು ಅವಳು, ಭಯಪಟ್ಟವಳ ಹಾಗೆ ಅವನ ಭುಜಕ್ಕೆ ಒರಗಿ.

"ಸಮ," ಅಂದ, ಕಣ್ಣು ಮುಚ್ಚಿಕೊಂಡೇ. "ಚೆನ್ನಾಗ್ ಎಳೀತದೆ. ಇಂಜಿನ್ ಒಳ್ಳೆ ಕಂಡೀಸನ್ನಲ್ಲಿ ಮಡ್ಗವ್ರೆ."

ಅವಳು ಆಸೆಪಟ್ಟಿದ್ದ ಮೋಡದ ಬೆನ್ನು ಕಿಟಕಿಯಾಚೆ ಬಂತು. ಬಿಡಿಸಿದ ಹತ್ತಿಯ ಹಾಗಿತ್ತು. "ಇಲ್ನೋಡ್ರೀ," ಅಂದರೆ, "ನೀ ನೋಡು, ನಾನು ಸದ್ದು ಕೇಳ್ತಾ ಇವ್ನಿ" ಅಂದ. ನಡುವೆ ಎಲ್ಲೋ ಒಮ್ಮೆ ವಿಮಾನ ಕುಲುಕಿದಾಗ, "ರೋಡ್ ಸರಿಯಿಲ್ಲ" ಅಂತ ತನಗೆ ತಾನೇ ಹೇಳಿಕೊಂಡ.

ಬೆಂಗಳೂರಿನಲ್ಲಿ ಚಕ್ರ ನೆಲಕ್ಕೆ ತಾಗಿ, ಇಂಜಿನ್ನು ಹುಯ್ಯೋ ಎಂದು ಬೊಬ್ಬೆಯಿಟ್ಟಿತು. ಪ್ರಮೀಳಾ ಕೆಳಗೆ ನೋಡಿದಳು. ಗಂಡನ ಬಲಗಾಲು ನೆಟ್ಟಗೆ ಚಾಚಿ ಮುಂದಿನ ಸೀಟಿನ ಅಡಿಯ ನೆಲವನ್ನು ಒತ್ತುತ್ತಿತ್ತು. ಒತ್ತಿ ಒತ್ತಿ ಚಪ್ಪಲಿಯಿಂದ ಹಿಮ್ಮಡಿಯೇ ಹೊರಗೆ ಬಂದಿತ್ತು. ವಿಮಾನ ನಿಧಾನವಾಗಿ, ಕೊನೆಗೆ ನಿಂತಿತು. ಕಾಲು ಮಾತ್ರ ಹಾಗೇ ಇತ್ತು.

"ಚೆನ್ನಾಗ್ ನಿಲ್ಸಿದ್ರಿ ಕಣ್ರೀ," ಅಂದಳು ಮೆಲ್ಲಗೆ.

ಕನಕರಾಜು ತನ್ನ ಕಾಲು ನೋಡಿಕೊಂಡ, ಅವಳ ಮುಖ ನೋಡಿದ. ಅಲ್ಲಿ ಭಯದ ಒಂದು ಗೆರೆಯೂ ಇರಲಿಲ್ಲ. ಮುದ್ದೆ ತಟ್ಟೆಯ ಮುಂದೆ ಅವಳು ಹೇಳಿದ್ದೆಲ್ಲ ಆಗ ಅವನಿಗೆ ಅರ್ಥವಾಯಿತು. ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಹಣೆಯ ಬೆವರು ಒರೆಸಿಕೊಂಡು, ಅವಳ ಕಿವಿಯ ಹತ್ತಿರ ಬಗ್ಗಿದ.

"ಅವ್ನಿಗಿಂತ ಮುಂಚೆ ನಾನೇ ಒತ್ತಿದ್ದು ಕಣಮ್ಮಿ."