ವೇದಾಳ ಫ್ಲಾಸ್ಕು, ಪ್ರತಿಭಾಳ ಹೊಟ್ಟೆಕಿಚ್ಚು

ಕೈಗೂಸನ್ನು ಎತ್ತಿಕೊಂಡು ಬಸ್ಸು ಹತ್ತಿದ ತಾಯಂದಿರಿಗೆಲ್ಲ ಇದು ಗೊತ್ತು. ಮನೆಯಲ್ಲಿ ಸುಮ್ಮನಿದ್ದ ಮಗುವಿಗೆ ಬಸ್ಸು ಹೊರಟ ಕೂಡಲೇ ಹಸಿವು. ಹಾಲು ಕೊಡೋಣವೆಂದರೆ ಸುತ್ತಲೂ ಕಣ್ಣು. ಕೊಡದಿದ್ದರೆ ಮಗು ಕಿರುಚುತ್ತದೆ, ಆಗಲೂ ಸುತ್ತಲೂ ಕಣ್ಣು.

ಬಿಳಗಿಯ ಪ್ರತಿಭಾಳಿಗೆ ಮಾತ್ರ ಜನರ ಕಣ್ಣಿಗಿಂತ ವಾರಗಿತ್ತಿಯ ಚಿಂತೆಯೇ ಹೆಚ್ಚು. ವಾರಗಿತ್ತಿ ವೇದಾ, ಅಂದರೆ ಭಾವನ ಹೆಂಡತಿ, ಶಿರಸಿ ಪೇಟೆಯಲ್ಲಿ ಮನೆ ಮಾಡಿದವಳು. ಹತ್ತು ತಿಂಗಳ ಮಗಳು ಸಂಹಿತಾಳ ಜೊತೆ ಎಲ್ಲಿಗೆ ಹೋದರೂ ಅವಳ ಕೈಯಲ್ಲೊಂದು ಬಣ್ಣದ ಬುಟ್ಟಿ. ಅದರೊಳಗೆ ಕೆಂಪು ಫ್ಲಾಸ್ಕು, ಬಾತುಕೋಳಿ ಚಿತ್ರದ ಹಾಲಿನ ಬಾಟಲಿ. ಒಂದು ಮದುವೆಮನೆಯಲ್ಲಿ ಅವಳು ಅದನ್ನು ಹೊರತೆಗೆದಾಗ ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆ ಮಂಜಿಯಂತೂ ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಮ್ಮ ವೇದಾನ್ನ ನೋಡಿ. ಸೆರಗು ಜಾರೂದಿಲ್ಲ, ಮೂಲೆ ಹುಡುಕೂದಿಲ್ಲ. ಎಷ್ಟು ಚಂದ ಹಾಲು ಕುಡಿಸ್ತದೆ!"

ಉಗ್ರಾಣದ ಬಾಗಿಲ ಹಿಂದೆ ಕೂತು ತನ್ನ ಐದು ತಿಂಗಳ ಮಗ ತುಷಾರನಿಗೆ ಎದೆಹಾಲು ಕೊಡುತ್ತಿದ್ದ ಪ್ರತಿಭಾಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಗಂಡ ಮನೋಹರನ ಬೆನ್ನುಬಿದ್ದಳು.

"ನಂಗೂ ಫ್ಲಾಸ್ಕು ಬೇಕು. ಬಾಟ್ಲಿ ಬೇಕು."

"ಎಂತಕ್ಕೆ? ನಿನ್ನ ಹಾಲೇ ಕುಡೀತಾನಲ್ಲ ಅವ?"

"ನಿಮ್ಮ ಅತ್ತಿಗೆ ಮಗೂಗಾದ್ರೆ ಬಾಟ್ಲಿ, ನಿಮ್ಮ ಮಗೂಗೆ ಬಾಗಿಲ ಹಿಂದೆ! ಹೌದಾ?"

ಮನೋಹರ ಮರುದಿನವೇ ಪೇಟೆಗೆ ಹೋಗಿ ತಂದುಕೊಟ್ಟ. ವೇದಾಳದ್ದಕ್ಕಿಂತ ಫ್ಲಾಸ್ಕು ಒಂದು ಬೆರಳಾದರೂ ದೊಡ್ಡದಿರಬೇಕು ಎಂದು ಅವಳು ಮೊದಲೇ ಹೇಳಿ ಕಳಿಸಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ ಮಂಚಿಕೇರಿಯಲ್ಲಿ ನಾದಿನಿಯ ಮಗುವಿನ ನಾಮಕರಣ ಬಂತು. ಬೆಳಿಗ್ಗೆಯೇ ದನದ ಹಾಲು ಕಾಯಿಸಿ, ಫ್ಲಾಸ್ಕಿಗೆ ತುಂಬಿ, ಅತ್ತೆ ಮತ್ತು ಗಂಡನ ಜೊತೆ ಪ್ರತಿಭಾ ಹೊರಟಳು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ವೇದಾ ಮಗಳನ್ನೆತ್ತಿಕೊಂಡು ಬಂದು ಸೇರಿಕೊಂಡಳು. ಯಲ್ಲಾಪುರದ ಬಸ್ಸಿನಲ್ಲಿ ವಾರಗಿತ್ತಿಯರು ಪಕ್ಕಪಕ್ಕ ಕೂತರು, ಇಬ್ಬರ ಕಾಲ ಬಳಿಯೂ ಬುಟ್ಟಿ. ವೇದಾ ಒಮ್ಮೆ ನೋಡಿ ಮುಖವನ್ನು ಕಿಟಕಿಗೆ ತಿರುಗಿಸಿದಳು. ಉರಿಯಲಿ, ಚೆನ್ನಾಗಿ ಉರಿಯಲಿ ಎಂದು ಪ್ರತಿಭಾ ಒಳಗೊಳಗೇ ಖುಷಿಪಟ್ಟಳು.

ತುಷಾರ ಅತ್ತ. ಬಾಟಲಿಯನ್ನು ನಾಲಿಗೆಯಿಂದ ಹೊರದಬ್ಬಿ ಅವಳ ಎದೆಯನ್ನೇ ಹುಡುಕಿದ. ಅವಳ ಎದೆಯೂ ಹಾಲು ತುಂಬಿ ಬಿಗಿದು ರವಿಕೆ ಒದ್ದೆಯಾಗಿತ್ತು. ಆದರೂ ಅವಳು ಬಾಟಲಿಯನ್ನೇ ಮತ್ತೆ ಮತ್ತೆ ಬಾಯಿಗಿಟ್ಟಳು. ಹಸಿವು ತಾಳದೆ ಮಗು ಕೊನೆಗೆ ಕುಡಿಯಿತು. ನಾಮಕರಣದ ಮನೆಯಲ್ಲಿ ಅದೇ ಫ್ಲಾಸ್ಕಿನ ಹಾಲನ್ನು ಎಲ್ಲರಿಗೂ ಕಾಣುವಂತೆ ಇನ್ನೊಮ್ಮೆ ಕುಡಿಸಿದಳು.

ಸಂಜೆಯ ಹೊತ್ತಿಗೆ ಮಗುವಿಗೆ ವಾಂತಿ, ಮೇಲಿಂದ ಮೇಲೆ ಭೇದಿ. ಕತ್ತು ನಿಲ್ಲದಷ್ಟು ಸುಸ್ತು. ಮನೋಹರ ಜೀಪು ತರಲು ಓಡಿದ. ಊಟಕ್ಕೆ ಬಂದಿದ್ದ ಊರಿನ ದಾದಿ ಗಂಗಾ ಮಗುವನ್ನು ನೋಡಿದಳು.

"ಮೊದಲು ನಿನ್ನ ಹಾಲು ಕೊಡು. ಭೇದಿ ಆಗ್ತದೆ ಅಂತ ನಿಲ್ಲಿಸ್ಬೇಡ. ಜೀಪು ಬಂದ ಕೂಡ್ಲೆ ಯಲ್ಲಾಪುರದ ಆಸ್ಪತ್ರೆಗೆ ಹೋಪ. ಹೊರಗಿಂದು ಎಂತ ಕೊಟ್ಟಿದ್ದೆ?"

"ಹಾಲು, ಅಷ್ಟೇ ಗಂಗಕ್ಕ. ಬಿಸಿ ಆರದಂಗೆ ಇಟ್ಟಿದ್ದೆ."

ಗಂಗಾ ಫ್ಲಾಸ್ಕಿನ ಹಾಲನ್ನು ಲೋಟಕ್ಕೆ ಬಗ್ಗಿಸಿ ಮಂಜಿಯ ಕೈಗೆ ಕೊಟ್ಟಳು.

"ಅಮ್ಮ, ಮೊಸರಿಗೆ ಹೆಪ್ಪು ಹಾಕೂವಾಗ ಹಾಲು ಹೆಂಗಿರ್ಬೇಕು?"

"ಉಗುರುಬೆಚ್ಚಗಿರ್ಬೇಕು. ತಣ್ಣಗಿದ್ರೆ ಮೊಸರಾಗೂದಿಲ್ಲ."

"ಇದು ಹೆಂಗುಂಟು, ಮುಟ್ಟಿ ನೋಡಿ."

ಮಂಜಿ ಬೆರಳದ್ದಿದಳು. ಮುಖ ಬಿಳಿಚಿತು. "ಅಯ್ಯೋ, ಹೆಪ್ಪು ಹಾಕೂ ಹದದಲ್ಲೇ ಉಂಟಲ್ಲ! ಬೆಳಿಗ್ಗೆಯಿಂದ ಹಿಂಗೇ ಇತ್ತಾ?"

"ಆ ಹದದಲ್ಲೇ ರೋಗದ ಕ್ರಿಮಿನೂ ಬೆಳೀತದೆ. ಬಾಟ್ಲಿಯ ನಿಪ್ಪಲ್ಲಿನ ಸಂದೀಲಿ ಕೂತದ್ದು ಬರೀ ನಲ್ಲಿ ನೀರಲ್ಲಿ ತೊಳೆದ್ರೆ ಹೋಗೂದಿಲ್ಲ," ಎಂದಳು ಗಂಗಾ. "ಆರು ತಿಂಗಳ ತನಕ ತಾಯಿಹಾಲು ಒಂದೇ ಸಾಕು, ನೀರೂ ಬೇಡ. ಅದನ್ನ ಕಾಯಿಸೂದೂ ಬೇಡ, ಹೊರೂದೂ ಬೇಡ."

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಂತೆ ಓಆರ್‌ಎಸ್ ನೀರನ್ನು ಚಮಚದಲ್ಲಿ ಕುಡಿಸಿದರು, ನಡುನಡುವೆ ತಾಯಿಹಾಲು. ಮರುದಿನ ತುಷಾರ ಕಣ್ಣರಳಿಸಿ ನೋಡಿದಾಗ ಪ್ರತಿಭಾ ಗಳಗಳ ಅತ್ತಳು. ಪಕ್ಕದಲ್ಲಿ ವೇದಾಳೂ ಅಳುತ್ತಿದ್ದಳು.

"ಸಂಹಿತಾಗೂ ಎರಡು ಸಲ ಹಿಂಗೇ ಆಗಿತ್ತು. ಮರ್ಯಾದೆಗೆ ಅಂಜಿ ನಾ ಹೇಳ್ಲಿಲ್ಲ. ಬಾಟ್ಲಿ ಹಿಡಿಸಿದ ಮೇಲೆ ಅದು ನನ್ನ ಹತ್ರ ಬರೂದೇ ಬಿಡ್ತು, ನನ್ನ ಹಾಲು ಬತ್ತಿಹೋಯ್ತು. ನಿನ್ನ ಮಗ ನಿನ್ನ ಎದೆಗೊರಗಿ ನಿದ್ದೆ ಮಾಡೂದು ಕಂಡ್ರೆ ಹೊಟ್ಟೆ ಉರೀತಿತ್ತು ಕಣೆ."

"ನಂಗೆ ನಿನ್ನ ಫ್ಲಾಸ್ಕು ಕಂಡು ಉರೀತಿತ್ತು ಅಕ್ಕ."

"ನಿಮ್ಮ ಹೊಟ್ಟೆಕಿಚ್ಚಿಗೆ ಮಕ್ಕಳ ಹೊಟ್ಟೆ ಹಾಳಾಯ್ತು," ಎಂದಳು ಮಂಜಿ. ಮೊಮ್ಮಗನ ತಲೆ ಸವರುತ್ತ, "ಕಿಚ್ಚು ಹಚ್ಚಿದ್ದು ನಾನೇ," ಎಂದಳು.

ಊರಿಗೆ ಹೊರಡುವ ದಿನ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ತುಷಾರ ಅತ್ತ. ಪ್ರತಿಭಾ ಮೂಲೆ ಹುಡುಕಹೊರಟಳು. ಮಂಜಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಸೆರಗು ಹರಡಿ ಎದುರು ನಿಂತಳು. ಯಾರೋ ಇಣುಕಿದರು.

"ಎಂತ ನೋಡ್ತೀರಿ? ನೀವು ಹೋಟ್ಲಲ್ಲಿ ಉಣ್ಣೂವಾಗ ನಾ ಬಂದು ನೋಡ್ತೇನಾ?" ಎಂದು ಮಂಜಿ ಗದರಿದಳು.

ವೇದಾ ಸೋಪಿನಿಂದ ಕೈತೊಳೆದು, ನಾದಿನಿಯ ಮನೆಯಿಂದ ತಂದ ಬಟ್ಟಲಲ್ಲಿ ಆಗತಾನೇ ಸುಲಿದ ಬಾಳೆಹಣ್ಣು ಕಿವುಚಿ ಸಂಹಿತಾಳಿಗೆ ಚಮಚದಲ್ಲಿ ತಿನ್ನಿಸಿದಳು. ಮಗು ಬಾಯಿ ಚಪ್ಪರಿಸಿತು. ಪ್ರತಿಭಾ ಓರೆಗಣ್ಣಿನಿಂದ ಆ ಬಟ್ಟಲು ನೋಡಿದಳು.

"ನಿನ್ನ ಮಗಂಗೆ ಇದು ಬೇಕಾದ್ರೆ ಇನ್ನೊಂದು ತಿಂಗಳು ತಡೀಬೇಕು," ಎಂದು ವೇದಾ ನಕ್ಕಳು.

ಅಕ್ಕತಂಗಿಯರೇ, ಆರು ತಿಂಗಳೊಳಗಿನ ಮಗುವಿದ್ದರೆ ಹೋದಲ್ಲೆಲ್ಲ ನಿಮ್ಮ ಹಾಲೇ ಕೊಡಿ. ಆರು ತುಂಬಿದ ಮೇಲೆ ತಾಯಿಹಾಲಿನ ಜೊತೆ ಬಾಳೆಹಣ್ಣಿನಂಥ ಮೆತ್ತಗಿನ ಆಹಾರ, ಮನೆಯ ಬಟ್ಟಲು-ಚಮಚ, ತೊಳೆದ ಕೈ ಇರಲಿ. ಬಾಟಲಿ ಬೇಡ. ಅತ್ತೆಯಂದಿರೇ, ಗಂಡಂದಿರೇ, ಹಾಲು ಕೊಡುವ ತಾಯಿಗೆ ಬಸ್ಸಿನಲ್ಲಿ ಕೂರಲು ಜಾಗ ಮಾಡಿಕೊಡಿ, ಮರೆಯಾಗಿ ನಿಲ್ಲಿ. ಪಕ್ಕದವಳ ಬುಟ್ಟಿಯಲ್ಲಿ ಏನಿದೆ ಎಂದು ನೋಡಬೇಡಿ. ಹಸಿದ ನಿಮ್ಮ ಮಗು ಬುಟ್ಟಿಯನ್ನು ಹುಡುಕುವುದಿಲ್ಲ, ನಿಮ್ಮನ್ನು ಹುಡುಕುತ್ತದೆ.