ಚಂದ್ರವಿಮಾನದ ತಂತಿ

1939ರ ಫೆಬ್ರವರಿ. ಹಳಿಯಾಳದ ಸಂತೆ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಒಬ್ಬ ಪಂಡಿತ ವಿಮಾನ ಕಟ್ಟಿಕೊಂಡು ಚಂದ್ರಲೋಕಕ್ಕೆ ಹೋಗುವ ಚಿತ್ರ. ಮೊಹರಮ್ಮಿನ ಚಂದ್ರ ಕಾಣಲು ಇನ್ನೆರಡು ದಿನವಿತ್ತು. ಈ ಸಲ ಅದಕ್ಕಾಗಿ ದಿಬ್ಬ ಹತ್ತುವ ಕಾರಣವಿಲ್ಲ, ಎರಡಾಣೆ ಕೊಟ್ಟರೆ ಚಂದ್ರ ಡೇರೆಯಲ್ಲೇ ಸಿಗುತ್ತಾನೆ ಎಂದು ಪೇಟೆಯವರು ಆಡಿಕೊಂಡರು. ಚಂದ್ರಲೋಕದ ರಾಣಿಯ ಬಗ್ಗೆ ಗಂಡಸರಿಗೆಲ್ಲ ಒಂದೇ ಅಭಿಪ್ರಾಯವಿತ್ತು. ಆಕೆಯ ಮೂಗುತಿಯ ಬಗ್ಗೆ ಹೆಂಗಸರಿಗೆ ಹಲವಿದ್ದವು. ವಿಮಾನದ ಬಗ್ಗೆ ಅಭಿಪ್ರಾಯವಿದ್ದದ್ದು ಶಮಶುದ್ದೀನನಿಗೆ ಮಾತ್ರ.

ಶಮಶುದ್ದೀನ ಬಿದಿರು ಮತ್ತು ಬಣ್ಣದ ಕಾಗದದಲ್ಲಿ ಮೊಹರಮ್ಮಿನ ತಾಬೂತ, ಅಂದರೆ ಮೆರವಣಿಗೆಯಲ್ಲಿ ಹೊರುವ ಗೋರಿಯ ಮಾದರಿ, ಕಟ್ಟುವವನು. ಹೋದ ವರ್ಷ ಅವನ ತಾಬೂತದ ಗುಮ್ಮಟ ನಾಲ್ಕು ಬಿದಿರು ಕಡ್ಡಿಗಳ ಮೇಲೆ ನಿಂತಿತ್ತು. "ಗುಮ್ಮಟಕ್ಕ ಮೊಣಕಾಲ ಬ್ಯಾನಿ ಬಂದೈತೇನೋ, ಬಡಿಗಿ ಹಿಡಕೊಂಡು ನಿಂತೈತಿ" ಎಂದಿದ್ದರು ಜಮಾತಿನ ಹಿರಿಯ ಜಮಾಲಸಾಬ. ಈ ವರ್ಷ ಬೆಳಗಾವಿಯಿಂದಲೇ ತರಿಸುವ ಮಾತು ಎದ್ದಾಗ ಶಮಶುದ್ದೀನ ಸಿಟ್ಟಿನಲ್ಲಿ, "ಈ ಸಲ ಗುಮ್ಮಟ ಗಾಳಿಯೊಳಗ ನಿಲ್ಲತೈತಿ. ನಿಲ್ಲಲಿಲ್ಲಂದ್ರ ಮುಂದ ನಾ ತಾಬೂತ ಮುಟ್ಟಂಗಿಲ್ಲ" ಎಂದುಬಿಟ್ಟಿದ್ದ. ಹೇಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಮೇಲಿನ ಕಮಾನಿನಿಂದ ತಂತಿ ಕಟ್ಟಿ ಗುಮ್ಮಟವನ್ನು ತೂಗಿ ನೋಡಿದ. ಗುಮ್ಮಟಕ್ಕಿಂತ ಮೊದಲು ತಂತಿಯೇ ಕಾಣುತ್ತಿತ್ತು. ಚಿತ್ರದ ವಿಮಾನವಾದರೋ ಚಂದ್ರಲೋಕದ ಪಟ್ಟಣದ ಮೇಲೆ ಯಾರ ಹಂಗೂ ಇಲ್ಲದೆ ತೇಲುತ್ತಿತ್ತಂತೆ. ಅದು ಹೇಗೆಂದು ಪತ್ತೆ ಹಚ್ಚಲೇಬೇಕೆಂದು ಟಿಕೀಟು ಕೊಂಡ.

ಮೊದಲ ದಿನ ಅವನ ಮುಂದೆ ಕುಳಿತದ್ದು ಸಾಂಬ್ರಾಣಿ ಊರಿನ ಶಿವಲಿಂಗಪ್ಪ ಮತ್ತು ಅವನ ರುಮಾಲು.

"ಗೌಡ್ರ, ರುಮಾಲ ಒಂದೀಟು ತೆಗೀರಿ. ವಿಮಾನದ ಮ್ಯಾಲಿನ ಭಾಗ ಕಾಣವಲ್ದು."

"ರುಮಾಲ ತೆಗ್ಯಾಕ ಇಲ್ಲಿ ಯಾರರೆ ಸತ್ತಾರೇನು?" ಎಂದು ಶಿವಲಿಂಗಪ್ಪ ತಿರುಗದೆಯೇ ಕೇಳಿದ. ಮಂದಿಯ ನಡುವೆ ಅವನು ತಲೆ ಬರಿದು ಮಾಡುತ್ತಿದ್ದದ್ದು ಹೆಣದ ಮುಂದೆ ಮಾತ್ರ. ಚಂದ್ರಲೋಕದಲ್ಲಿ ಆ ಹೊತ್ತಿಗೆ ಎಲ್ಲರೂ ಆರೋಗ್ಯವಾಗಿದ್ದರು.

ಎರಡನೆಯ ದಿನ ಶಮಶುದ್ದೀನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತ. ಕತ್ತು ಹಿಡಿಯಿತು. ತಂತಿ ಕಾಣಲಿಲ್ಲ, ವಿಮಾನ ಬಿಡುವ ಹೊಗೆ ಕಂಡಿತು. ಮನೆಗೆ ಬಂದವನೇ ಹೆಂಡತಿ ಸಿರಾಜುನ್ನಿಸಾಳಿಗೆ ಹೇಳಿದ: "ಬಿದಿರು ಸಣ್ಣದು ಮಾಡಬಹುದು, ಕಾಗದ ಸಣ್ಣದು ಮಾಡಬಹುದು, ಹೊಗಿ ಸಣ್ಣದು ಮಾಡಾಕ ಬರೂದಿಲ್ಲ. ಆ ಸುರುಳಿ ನೋಡಿದ್ರ ವಿಮಾನ ಒಂದು ಮೊಳಕ್ಕಿಂತ ದೊಡ್ಡದಿಲ್ಲ. ನಮ್ಮಂಥಾವನ ಯಾವನೋ ಕಟ್ಟ್ಯಾನ. ನಾಳೆ ಮತ್ತ ಹೋಗಬೇಕು."

"ಮೂರನೇ ಸಲ? ಆ ರಾಣಿ ಅಷ್ಟು ಚೆಂದ ಅದಾಳೇನ್ರಿ?"

"ರಾಣೀನ ನಾ ನೋಡೇ ಇಲ್ಲ."

ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಗಂಡ ಹೇಳಿದ ಅತಿ ದೊಡ್ಡ ಸುಳ್ಳು ಇದೇ ಎಂದು ಆಕೆ ತೀರ್ಮಾನಿಸಿದಳು.

ಮೂರನೆಯ ದಿನ ಅವನು ಡೇರೆಯ ಮ್ಯಾನೇಜರ್ ಅಂದಾನೆಪ್ಪನ ಮುಂದೆ ನಿಂತು, ಪರದೆಯ ಹಿಂದೆ ಕೂರಲು ಬಿಡಬೇಕೆಂದು ಕೇಳಿದ.

"ಹಿಂದಿಂದ ಎಲ್ಲಾ ಎಡಾ-ಬಲಾ ಅದಲಬದಲ ಕಾಣತೈತಲ್ಲೋ ಮಾರಾಯಾ."

"ಕಾಣಲಿ ಬಿಡ್ರಿ. ಕಸಬಿನವರು ಕೆಲಸಾನ ಹಿಂದಿಂದನ ನೋಡೂದು."

"ಟಿಕೀಟ ಮಾತ್ರ ಪೂರಾ ಆಗತೈತಿ ನೋಡು" ಎಂದು ಅಂದಾನೆಪ್ಪ ದಾರಿ ಬಿಟ್ಟ.

ಹಿಂದಿನಿಂದ ನೋಡಿದಾಗ ಪಂಡಿತ ಎಡಗೈಯಲ್ಲಿ ಬರೆದ, ರಾಣಿ ಎಡಗೈಯಲ್ಲಿ ಹರಸಿದಳು. ಕಥೆ ಎಲ್ಲಿಯೂ ಹಿಡಿದು ನಿಲ್ಲಿಸಲಿಲ್ಲ. ಕಣ್ಣಿಗೆ ಕೆಲಸ ಮಾತ್ರ ಉಳಿಯಿತು. ಚಂದ್ರಲೋಕದ ಆಕಾಶದಿಂದ ಬೆಳ್ಳಿಯ ಎಳೆಗಳು ಸಾಲುಸಾಲಾಗಿ ಇಳಿಬಿದ್ದಿದ್ದವು. ಎರಡು ದಿನವೂ ಅದನ್ನು ಬರಿಯ ಅಲಂಕಾರ ಎಂದುಕೊಂಡಿದ್ದ. ವಿಮಾನ ಸರಿಯಿತು. ಉಳಿದ ಎಳೆಗಳೆಲ್ಲ ಇದ್ದಲ್ಲೇ ಇದ್ದವು. ಎರಡು ಮಾತ್ರ ವಿಮಾನದ ಜೊತೆಗೆ ಹೊರಟವು.

ಆ ಕೆಲಸಗಾರ ತಂತಿಯನ್ನು ಮುಚ್ಚಿಟ್ಟಿರಲೇ ಇಲ್ಲ. ಅದರಂಥವೇ ನೂರು ಎಳೆ ಇಳಿಬಿಟ್ಟು, ಕಳ್ಳನನ್ನು ಸಂತೆಯೊಳಗೆ ನಿಲ್ಲಿಸಿದ್ದ.

"ಭಲೇ ಉಸ್ತಾದ್" ಎಂದ ಶಮಶುದ್ದೀನ, ಸ್ವಲ್ಪ ಜೋರಾಗಿಯೇ. ಪರದೆಯ ಮೇಲೆ ಆಗ ರಾಣಿ ಅಳುತ್ತಿದ್ದಳು. ಆಚೆ ಬದಿಯಿಂದ ಯಾರೋ, "ಹಿಂದ ಯಾವನಲೇ ಅಂವ, ಕಲ್ಲೆದಿಯಾಂವ" ಎಂದರು.

ಅದೇ ಸಂಜೆ ಆಕಾಶದಲ್ಲೂ ಚಂದ್ರ ಕಂಡಿದ್ದ. ಶಮಶುದ್ದೀನನಿಗೆ ಉಳಿದದ್ದು ಒಂಬತ್ತು ದಿನ. ಬೆಳ್ಳಿಯಂತೆ ಹೊಳೆಯುವ ಬೇಗಡೆ ಕಾಗದವನ್ನು ಕಡ್ಡಿಯಷ್ಟು ಸಣ್ಣಗೆ ಸೀಳಿ ಕಮಾನಿನಿಂದ ನೂರಾರು ಎಳೆ ಇಳಿಬಿಟ್ಟ. ನಾಲ್ಕು ಎಳೆಗಳೊಳಗೆ ಮಾತ್ರ ತಂತಿ ಸೇರಿಸಿದ. ಮೂರು ಸಲ ಗುಮ್ಮಟ ವಾಲಿತು, ಮೂರು ಸಲ ಬಿಚ್ಚಿ ಕಟ್ಟಿದ. ಊಟಕ್ಕೆ ಕರೆದರೆ "ಹೂಂ" ಎನ್ನುತ್ತಿದ್ದ, ಏಳುತ್ತಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ತಾಬೂತ ಹೊರಗೆ ಬಂತು. ಗುಮ್ಮಟ ಒಂದು ಗೇಣು ಎತ್ತರದಲ್ಲಿ, ಬೆಳ್ಳಿಯ ಮಳೆಯ ನಡುವೆ, ಕೆಳಗೆ ಏನನ್ನೂ ಮುಟ್ಟದೆ ನಿಂತಿತ್ತು. ಹೊರುವವರು ಹೆಗಲಿಗೆ ವಸ್ತ್ರ ಹಾಕಿಕೊಂಡು ಕಾಯುತ್ತಿದ್ದರು. ಜಮಾಲಸಾಬರು ಒಂದು ಸುತ್ತು ಬಂದರು. ಬಗ್ಗಿ ನೋಡಿದರು. ಒಂದು ಎಳೆಯನ್ನು ಬೆರಳಿನಿಂದ ಮೀಟಿದರು. ಬರೀ ಕಾಗದ, ಅಲುಗಿತು. ಇನ್ನೊಂದನ್ನು ಮೀಟಿದರು, ಅದೂ ಅಲುಗಿತು. ಮೂರನೆಯದಕ್ಕೆ ಕೈ ಚಾಚಿದರು. ಅದು ತಂತಿಯಿದ್ದ ಎಳೆ.

ಬೆರಳು ಅಲ್ಲಿಯೇ ತಡೆದು ನಿಂತಿತು. ಜಮಾಲಸಾಬರು ನಿಧಾನವಾಗಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡ" ಎಂದರು. "ಗೊತ್ತಾದ್ರ ನನಗ ಲುಕ್ಸಾನು."

ಆಮೇಲೆ ಹೊರುವವರ ಕಡೆ ತಿರುಗಿ, "ನಿಂತೇನ್ ನೋಡತೀರಿ, ಎತ್ರಿ" ಎಂದರು.